ನನ್ನೊಳಗಿನ ಥೆರಪಿಸ್ಟ್‌ಗೆ ಒಂದು ಗೊಂಬೆ

ಬೆಂಗಳೂರಿನಲ್ಲಿ ನಾವು ಕೆಲವು ಆರ್ಟ್ ಥೆರಪಿಸ್ಟ್‌ಗಳು, ಅಂದರೆ ಕಲೆಯ ಮೂಲಕ ಮನಸ್ಸಿನ ಕಷ್ಟಕ್ಕೆ ನೆರವಾಗುವವರು, ಆಗಾಗ ಸೇರುತ್ತೇವೆ. ಕೇಸ್‌ಗಳ ಬಗ್ಗೆ ಮಾತಾಡೋಕೆ ಅಂತ ಶುರುವಾದ ಗುಂಪು. ಆದರೆ ಮಾತು ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ನಾವು ಯಾರು? ಶಾಲೆಯಲ್ಲಿ ಡ್ರಾಯಿಂಗ್ ಮಿಸ್. ಆಸ್ಪತ್ರೆಯಲ್ಲಿ ರೋಗಿಗಳಿಗೆ ಟೈಂಪಾಸ್ ಮಾಡಿಸೋರು. ನೆಂಟರ ಮನೆಯಲ್ಲಿ ಅರ್ಧ ಡಾಕ್ಟರ್. ಈ ಗೋಳು ಹೇಳಿಕೊಂಡೂ ಹೇಳಿಕೊಂಡೂ ನಮಗೇ ಬೇಜಾರಾಗಿತ್ತು. ಮಾತು ಸಾಕು, ಗೊಂಬೆ ಮಾಡೋಣ ಎಂದೆ. 'ಕೆಲಸಕ್ಕೆ ಹೋಗುವ ನಾನು' ಅನ್ನೋದೇ ವಿಷಯ.

ಚಿತ್ರ ಯಾಕೆ ಬೇಡ ಅಂದರೆ, ನಮ್ಮಲ್ಲಿ ಜಾಸ್ತಿ ಜನ ಚಿತ್ರಕಲೆ ಓದಿ ಬಂದವರು. ಬ್ರಷ್ ಹಿಡಿದರೆ ಕೈ ತಾನಾಗೇ ಚೆಂದ ಮಾಡಿಬಿಡುತ್ತದೆ, ಮನಸ್ಸು ಅದರ ಹಿಂದೆ ಅಡಗಿ ಕೂರುತ್ತದೆ. ಸೂಜಿ ದಾರದ ಮುಂದೆ ಎಲ್ಲರೂ ಪೆದ್ದರೇ. ಅಲ್ಲದೆ ಗೊಂಬೆಗೆ ಬೆನ್ನಿದೆ, ಒಳಗೊಂದು ಹೊಟ್ಟೆಯಿದೆ. ಅಲ್ಲಿ ಏನು ತುಂಬುತ್ತೀರಿ ಅಂತ ನೀವೇ ತೀರ್ಮಾನ ಮಾಡಬೇಕು.

ಮೊದಲೇ ಕೆಲವು ಮಾತು ಆಡಿಕೊಂಡೆವು. ಕ್ಲೈಂಟ್‌ಗಳ ಕಥೆ ಗೊಂಬೆಯೊಳಗೆ ಬರಬಾರದು. ಇನ್ನೊಬ್ಬರ ಗೊಂಬೆಗೆ ಅರ್ಥ ಹೇಳಬಾರದು. ಕೇಳುವುದಾದರೆ ಬಟ್ಟೆ, ಹೊಲಿಗೆ, ದಾರದ ಬಗ್ಗೆ ಕೇಳಿ. ಇದು ಕಡ್ಡಾಯ. ಯಾಕೆಂದರೆ ಥೆರಪಿಸ್ಟ್‌ಗಳಷ್ಟು ಬೇಗ ಬೇರೆಯವರ ಕೆಲಸಕ್ಕೆ ಅರ್ಥ ಹಚ್ಚುವವರು ಯಾರೂ ಇಲ್ಲ. ಬಾಯಿ ಹೊಲಿದಿಲ್ಲ ಅಂದ ತಕ್ಷಣ 'ಓಹೋ' ಅಂದುಬಿಡುತ್ತೇವೆ. ಪಾಪ, ದಾರ ಖಾಲಿಯಾಗಿರಬಹುದು ಅಲ್ವಾ?

ಸಾಮಾನು ಎಲ್ಲ ಮನೆಯದ್ದೇ. ಹಳೆ ಕಾಟನ್ ಸೀರೆ, ಗುಳೇದಗುಡ್ಡ ಖಣದ ತುಂಡು, ಹತ್ತಿ, ಗುಂಡಿ. ದೇಹದ ಆಕಾರವನ್ನು ಎರಡು ಪದರ ಬಟ್ಟೆಯ ಮೇಲೆ ಬರೆದು, ಸುತ್ತ ಹೊಲಿದು, ಪಕ್ಕದಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟು, ಒಳಗನ್ನು ಹೊರಗೆ ತಿರುಗಿಸಬೇಕು. ಆಮೇಲೆ ಪೆನ್ಸಿಲ್ಲಿನ ಹಿಂಭಾಗದಿಂದ ಹತ್ತಿಯನ್ನು ಚೂರು ಚೂರೇ ಒಳಕ್ಕೆ ತಳ್ಳಬೇಕು. ಒಟ್ಟಿಗೆ ತುರುಕಿದರೆ ಗಂಟಾಗುತ್ತದೆ. ಕಷ್ಟ ಇರೋದು ಕುತ್ತಿಗೆಯಲ್ಲಿ. ತಲೆ ಭಾರ, ಕುತ್ತಿಗೆ ಸಣ್ಣ. ಎಲ್ಲರ ಗೊಂಬೆಯೂ ಬಂದವರಿಗೆಲ್ಲ 'ಹೂಂ, ಹೂಂ' ಅಂತ ತಲೆ ಆಡಿಸುತ್ತಾ ಕೂತಿತ್ತು. ನಮ್ಮ ಕಸುಬೇ ಅದು ಅಂತ ನಕ್ಕೆವು. ಕೊನೆಗೆ ತೆಂಗಿನ ಪೊರಕೆ ಕಡ್ಡಿ ನಾಲ್ಕೈದು ಸೇರಿಸಿ, ಬಟ್ಟೆ ಸುತ್ತಿ, ಎದೆಯವರೆಗೆ ಇಳಿಸಿದ ಮೇಲೆ ತಲೆ ನಿಂತಿತು.

ಕೌದಿ ಹೊಲಿಯುವಾಗ ಹೆಂಗಸರು ಮಾತಾಡುತ್ತಾರಲ್ಲ, ಹಾಗೇ ಇತ್ತು ನಮ್ಮ ಮಾತು. ಕಣ್ಣು ಹೊಲಿಗೆಯ ಮೇಲಿದ್ದರೆ ಮುಖ ನೋಡಿ ಹೇಳಲಾಗದ್ದು ಸಲೀಸಾಗಿ ಬರುತ್ತದೆ. ಫೀಸ್ ಕೇಳೋಕೆ ನಾಚಿಕೆ ಅನ್ನುವ ಮಾತು ಆ ಗುಂಪಿನಲ್ಲಿ ಮೊದಲ ಸಲ ಬಂದಿದ್ದು ಆಗಲೇ.

ಮೈಸೂರು ಕಡೆಯವರಿಬ್ಬರಿಗೆ ಬೇರೆಯೇ ತೊಡಕು. ದಸರಾದಲ್ಲಿ ಪಟ್ಟದ ಗೊಂಬೆ ಕೂರಿಸಿ ಬೆಳೆದ ಮನೆಯವರು. ಗೊಂಬೆ ಅಂದರೆ ಅಲಂಕಾರ ಮಾಡಿ ಮೆಟ್ಟಿಲ ಮೇಲೆ ಕೂರಿಸೋದು, ಮಕ್ಕಳು ಮುಟ್ಟಬಾರದು. ಅವರ ಗೊಂಬೆಗಳು ಜರಿ, ಮಣಿ ಎಲ್ಲ ಹಾಕಿಕೊಂಡು ಫೋಟೋಗೆ ಸಿದ್ಧವಾಗಿದ್ದವು. ನನಗೆ ಅವು ಹಿಡಿಸಲಿಲ್ಲ. ಪ್ರೊಫೈಲ್ ಫೋಟೋ ನೋಡಿದ ಹಾಗಿತ್ತು. ಎರಡನೇ ಸಲ ಸೇರಿದಾಗ ಅವರಲ್ಲೊಬ್ಬರು ಜರಿ ಬಿಚ್ಚಿ, ಅದರ ಹೊಲಿಗೆಯ ತೂತುಗಳನ್ನು ಹಾಗೇ ಬಿಟ್ಟರು. ಅದು ಗೊಂಬೆ!

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳತಿಯ ಗೊಂಬೆ. ತಂತಿ ಬಗ್ಗಿಸಿ, ಗೊಂಬೆಯ ಎಡಕ್ಕೊಂದು ಬಲಕ್ಕೊಂದು ಬ್ರಾಕೆಟ್ ನಿಲ್ಲಿಸಿದ್ದರು. ಏನಿದು ಅಂದರೆ, 'ಕಾನೂನು' ಅಂದರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಆರ್‌ಸಿಐ, ಅಂದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇದೆ. ನಮ್ಮ ಹೆಸರು ಬಂದಿದ್ದು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ, ಅಂದರೆ ಡಾಕ್ಟರ್, ನರ್ಸ್ ಅಲ್ಲದ ಆರೋಗ್ಯ ವೃತ್ತಿಗಳ ಕಾನೂನಿನ ಪಟ್ಟಿಯಲ್ಲಿ. ಅದೂ ಮೂವ್‌ಮೆಂಟ್ ಥೆರಪಿಸ್ಟ್ ಅಂತ ಬರೆದು, ಪಕ್ಕದ ಬ್ರಾಕೆಟ್‌ನೊಳಗೆ ಆರ್ಟ್, ಡ್ಯಾನ್ಸ್ ಎಲ್ಲವನ್ನೂ ಸೇರಿಸಿದ್ದಾರೆ. ಅದನ್ನೇ ಅವರು ತಂತಿಯಲ್ಲಿ ಮಾಡಿದ್ದರು. ಗೊಂಬೆಯ ಒಂದು ಕಾಲು ಮಾತ್ರ ತಂತಿಯ ಆಚೆಗಿತ್ತು.

ನನ್ನ ಗೊಂಬೆಗೆ ಹತ್ತಿ ಸಾಲಲಿಲ್ಲ. ಬ್ರಷ್ ಒರೆಸುವ ಹಳೇ ಬಟ್ಟೆ ಬ್ಯಾಗಿನಲ್ಲಿತ್ತು, ಹರಿದು ಹೊಟ್ಟೆಗೆ ತುಂಬಿದೆ. ಹೊಲಿದು ಮುಗಿಸಿ ಮಡಿಲಲ್ಲಿ ಇಟ್ಟುಕೊಂಡರೆ ಟರ್ಪೆಂಟೈನ್ ವಾಸನೆ. ಈ ಕೆಲಸಕ್ಕೆ ಬಂದ ಮೇಲೆ ನಾನು ನನಗೋಸ್ಕರ ಚಿತ್ರ ಬರೆದದ್ದೇ ಕಡಿಮೆ. ಕೌನ್ಸೆಲಿಂಗ್ ಓದಿದ್ದನ್ನೇ ಮುಂದೆ ಮಾಡಿ ಹೇಳುತ್ತಿದ್ದೆ, ಚಿತ್ರಕಲೆಯ ಡಿಗ್ರಿಯನ್ನು ಕೊನೆಗೆ ಸಣ್ಣ ದನಿಯಲ್ಲಿ. ಆದರೆ ಆರ್ಟ್ ಥೆರಪಿ ಅನ್ನೋ ಹೆಸರನ್ನು 1942ರಲ್ಲಿ ಕೊಟ್ಟ ಏಡ್ರಿಯನ್ ಹಿಲ್ ಡಾಕ್ಟರ್ ಅಲ್ಲ. ಕ್ಷಯ ಬಂದು ಇಂಗ್ಲೆಂಡಿನ ಸ್ಯಾನಟೋರಿಯಂ ಸೇರಿದ್ದ ಚಿತ್ರಕಾರ. ಅಮೆರಿಕದಲ್ಲಿ ಮಕ್ಕಳ ಜೊತೆ ಕೆಲಸ ಮಾಡಿದ ಎಡಿತ್ ಕ್ರೇಮರ್ ಕೂಡ ಕಲಾವಿದೆ. ಥೆರಪಿಸ್ಟ್‌ಗೆ 'ಮೂರನೇ ಕೈ' ಇರಬೇಕು ಅಂತ ಅವರು ಹೇಳಿದ್ದು. ಕ್ಲೈಂಟ್ ಮಾಡುತ್ತಿರುವ ಚಿತ್ರಕ್ಕೆ ನೆರವಾಗುವ, ಆದರೆ ತನ್ನ ಶೈಲಿಯನ್ನು ಅದರ ಮೇಲೆ ಹೇರದ ಕೈ. ಆ ಕೈ ಪಳಗೋದು ಬಣ್ಣದ ಜೊತೆಗೇ. ಉಳಿದ ಬಣ್ಣದ ಬಟ್ಟೆಯಲ್ಲಿ ಒಂದು ಕೈ ಮಾಡಿ, ಗೊಂಬೆಯ ಬೆನ್ನಿಗೆ ಹೊಲಿದೆ.

ಕೊನೆಗೆ ಗೊಂಬೆಯನ್ನು ಹಿಡಿದು, ಅದರ ಪರವಾಗಿ 'ನಾನು' ಅಂತ ಮಾತಾಡಬೇಕಿತ್ತು. ಸುಮ್ನೆ ಆಟ ಅನ್ನಿಸಬಹುದು. ಆದರೆ ನನ್ನ ಬಾಯಿಂದ ಬಂದ ಮಾತು ಇದು: 'ನನ್ನನ್ನು ಪ್ರತಿ ಸಲ ಸಮರ್ಥನೆ ಮಾಡಿಕೊಳ್ಳಬೇಡ, ಕೆಲಸ ತೋರಿಸು.' ಅದಾದ ಮೇಲೆ ಒಂದು ಶಾಲೆ ವಾರ್ಷಿಕೋತ್ಸವಕ್ಕೆ 'ಆರ್ಟ್ ಥೆರಪಿ ಸ್ಟಾಲ್' ಹಾಕಿ ಅಂತ ಕರೆದಾಗ, ಭಾಷಣ ಬಿಗಿಯದೆ, 'ಆಗಲ್ಲ' ಅಂತಷ್ಟೇ ಅಂದೆ. ವಾರದಲ್ಲೊಂದು ಸಂಜೆ ಚಿತ್ರಕ್ಕೆ ಮೀಸಲಿಟ್ಟಿದ್ದೇನೆ. ಎಲ್ಲರಿಗೂ ಹೀಗೇ ಆಯಿತು ಅಂತಲ್ಲ. ಒಬ್ಬರು ಗೊಂಬೆ ಮುಗಿಸಲೇ ಇಲ್ಲ, ಕೌನ್ಸೆಲಿಂಗ್ ಅಷ್ಟೇ ಸಾಕು ಅಂತ ಆ ಕಡೆ ಹೋದರು. ಅದೂ ಒಂದು ಉತ್ತರವೇ.

ನೀವೂ ಮಾಡುವುದಾದರೆ, ಗೊಂಬೆಯನ್ನು ಥೆರಪಿ ರೂಮಿನಲ್ಲಿ ಇಡಬೇಡಿ. ಕ್ಲೈಂಟ್ ಬಂದು ಕೂರುವ ಜಾಗದಲ್ಲಿ ನಿಮ್ಮ ಹೊಟ್ಟೆಯೊಳಗಿನದ್ದು ಯಾಕೆ? ಈಗ ಡ್ಯಾನ್ಸ್ ಥೆರಪಿ ಮಾಡುವ ಗೆಳೆಯರು ತಾವೂ ಬರುತ್ತೇವೆ ಅಂತಿದ್ದಾರೆ. ಕೈಕಾಲು ಆಡದ ಗೊಂಬೆ ಅವರಿಗೆ ಬೇಡವಂತೆ. ಹೀಗಾಗಿ ಭುಜಕ್ಕೂ ಸೊಂಟಕ್ಕೂ ಗುಂಡಿ ಹಾಕಿ ಕೀಲು ಕೂರಿಸೋದನ್ನು ಕಲಿಯುತ್ತಿದ್ದೇನೆ. ದಾರ ದಪ್ಪದ್ದೇ ಇರಬೇಕು, ಮಾಮೂಲಿ ಹೊಲಿಗೆ ದಾರ ತಡೆಯೋದಿಲ್ಲ.