ಕರೆಂಟ್ ಬಿಲ್ ಕಟ್ಟುವ ಮೊದಲು ಯೂನಿಟ್ ನೋಡಿ

ಕರೆಂಟ್ ಬಿಲ್ಲನ್ನು ಹೇಗೆ ಕಟ್ಟುವುದು ಒಳ್ಳೆಯದು ಎಂದು ಹೊಸದಾಗಿ ಸಂಸಾರ ಹೂಡಿದ ಮಕ್ಕಳು ನನ್ನನ್ನು ಆಗಾಗ ಕೇಳುತ್ತಾರೆ. ಬೆಂಗಳೂರಿನಲ್ಲಿ ಇದಕ್ಕೆ ದಾರಿಗಳ ಕೊರತೆಯಿಲ್ಲ. ನಗರಕ್ಕೆ ಕರೆಂಟ್ ಕೊಡುವ ಬೆಸ್ಕಾಂ ಕಂಪನಿಯ ಉಪವಿಭಾಗದ ಕ್ಯಾಶ್ ಕೌಂಟರ್ ಇದೆ, ಸರ್ಕಾರಿ ಸೇವೆಗಳ ಬೆಂಗಳೂರು ಒನ್ ಕೇಂದ್ರವಿದೆ, ಬೆಸ್ಕಾಂ ಮಿತ್ರ ಆ್ಯಪ್ ಇದೆ, ಯುಪಿಐ ಇದೆ, ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಆಟೋಪೇ ಇದೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ತಪ್ಪಿಲ್ಲ. ಆದರೆ ಹಣ ಕೈಬಿಡುವ ಮೊದಲು ಮನೆಯವರಲ್ಲಿ ಒಬ್ಬರಾದರೂ ಬಿಲ್ಲನ್ನು ಬಿಡಿಸಿ ಅದರಲ್ಲಿರುವ ಯೂನಿಟ್ ಸಂಖ್ಯೆಯನ್ನು ಓದಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಓದು ತಪ್ಪದಂತೆ ನೋಡಿಕೊಳ್ಳುವ ವಿಧಾನ ಯಾವುದೋ ಅದೇ ನಿಮ್ಮ ಮನೆಗೆ ಸರಿಯಾದ ವಿಧಾನ.

ಯೂನಿಟ್ ಎಂದು ಒತ್ತಿ ಹೇಳಲು ಕಾರಣವಿದೆ. ರೂಪಾಯಿಯ ಮೊತ್ತ ಅನೇಕ ಕಾರಣಗಳಿಗೆ ಏರಿಳಿಯುತ್ತದೆ. ದರ ಪರಿಷ್ಕರಣೆಯಾದರೆ ಏರುತ್ತದೆ, ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕ ಒಂದು ತಿಂಗಳು ಕೂಡಿ ಇನ್ನೊಂದು ತಿಂಗಳು ಕಳೆಯುತ್ತದೆ, ವರ್ಷಕ್ಕೊಮ್ಮೆ ಹೆಚ್ಚುವರಿ ಭದ್ರತಾ ಠೇವಣಿ ಕೇಳಿದಾಗ ಬಿಲ್ ಒಮ್ಮೆಲೇ ದಪ್ಪಗಾಗುತ್ತದೆ. ಇವ್ಯಾವುದಕ್ಕೂ ಆ ತಿಂಗಳು ನಿಮ್ಮ ಗೀಸರ್, ಫ್ರಿಜ್‌ ಓಡಿದ್ದಕ್ಕೂ ನೇರ ಸಂಬಂಧವಿಲ್ಲ. ಯೂನಿಟ್ ಮಾತ್ರ ನಿಮ್ಮ ಮನೆಯಲ್ಲಿ ನಡೆದದ್ದನ್ನು ನೇರವಾಗಿ ಹೇಳುತ್ತದೆ. ಅದನ್ನೂ ಬಿಲ್ಲಿನಲ್ಲಿ ಇರುವಂತೆಯೇ ಹೋಲಿಸಬಾರದು. ಮೀಟರ್ ಓದುವವರು ಒಂದು ತಿಂಗಳು ಎರಡನೇ ತಾರೀಖಿಗೆ ಬಂದು, ಮುಂದಿನ ತಿಂಗಳು ಆರಕ್ಕೆ ಬಂದರೆ ಆ ಬಿಲ್ಲಿನಲ್ಲಿ ಮೂವತ್ತನಾಲ್ಕು, ಮೂವತ್ತೈದು ದಿನಗಳ ಬಳಕೆ ಸೇರಿರುತ್ತದೆ. ಹಿಂದಿನ ಮತ್ತು ಈಗಿನ ರೀಡಿಂಗ್‌ಗಳ ನಡುವೆ ಎಷ್ಟು ದಿನ ಕಳೆದಿದೆ ಎಂದು ಎಣಿಸಿ, ಯೂನಿಟ್‌ಗಳನ್ನು ಆ ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಯೂನಿಟ್ ಖರ್ಚಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಐದು ಯೂನಿಟ್‌ನ ಮನೆ ಯಾವ ನೆಪವೂ ಇಲ್ಲದೆ ಏಳಕ್ಕೆ ಹೋಗಿದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ.

ಮನೆಗಳಿಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಅಭ್ಯಾಸ ಇನ್ನೂ ಅಗತ್ಯವಾಗಿದೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ, 2022-23ನೇ ಸಾಲಿನ ನಿಮ್ಮ ತಿಂಗಳ ಸರಾಸರಿ ಬಳಕೆಗೆ ಶೇಕಡಾ 10ರಷ್ಟು ಸೇರಿಸಿ ನಿಮ್ಮ ಅರ್ಹತೆ, ಎಂದರೆ ತಿಂಗಳಿಗೆ ಉಚಿತವಾಗಿ ಸಿಗುವ ಯೂನಿಟ್, ನಿಗದಿಯಾಗುತ್ತದೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವ ಮನೆಗಳಿಗೆ ಮುಂದೆ 2024ರಲ್ಲಿ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಟ್ಟರು. ಅರ್ಹತೆ ಮೀರಿದರೂ 200 ಯೂನಿಟ್‌ನ ಒಳಗಿದ್ದರೆ ಮೀರಿದ ಯೂನಿಟ್‌ಗಳಿಗಷ್ಟೇ ಹಣ ಕಟ್ಟಬೇಕು. 200 ದಾಟಿದರೆ ಮಾತ್ರ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಶೂನ್ಯ ಬಿಲ್ ಬರುವ ಮನೆಗಳಲ್ಲಿ ಯಾರೂ ಬಿಲ್ಲನ್ನು ಮಡಿಕೆ ಬಿಚ್ಚಿ ನೋಡುವುದಿಲ್ಲ. ಬಳಕೆ 160ರಿಂದ 175ಕ್ಕೆ, ಅಲ್ಲಿಂದ 190ಕ್ಕೆ ಏರುತ್ತಿರುವುದು ಗಮನಕ್ಕೆ ಬರುವುದೇ ಇಲ್ಲ. ಬೇಸಿಗೆಯಲ್ಲಿ ಒಂದು ತಿಂಗಳು 210 ಆಯಿತೆನ್ನಿ. ಮೂರು ಕಿಲೋವ್ಯಾಟ್ ಲೋಡ್ ಮಂಜೂರಾದ ಮನೆಗೆ 2025ರ ಏಪ್ರಿಲ್‌ನ ದರದಂತೆ ಯೂನಿಟ್‌ಗೆ 5 ರೂಪಾಯಿ 80 ಪೈಸೆಯ ಲೆಕ್ಕದಲ್ಲಿ 1,218 ರೂಪಾಯಿ, ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆಯಂತೆ ಸುಮಾರು 76 ರೂಪಾಯಿ, ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ ನಿಗದಿತ ಶುಲ್ಕ 435 ರೂಪಾಯಿ, ಇವುಗಳ ಜೊತೆಗೆ ಯೂನಿಟ್‌ಗಳ 1,218 ರೂಪಾಯಿಗೆ ಶೇಕಡಾ 9ರ ತೆರಿಗೆ ಸುಮಾರು 110 ರೂಪಾಯಿ, ಹೀಗೆ ಇಂಧನ ಹೊಂದಾಣಿಕೆ ಶುಲ್ಕವನ್ನು ಬಿಟ್ಟರೂ 1,840 ರೂಪಾಯಿಯ ಹತ್ತಿರಕ್ಕೆ ಬರುತ್ತದೆ. ಹತ್ತು ಯೂನಿಟ್ ಮೀರಿದ್ದಕ್ಕೆ ಬೀಳುವ ಹೊರೆ ಅದು. ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿದ್ದರೆ ತಪ್ಪಿಸಬಹುದಾದದ್ದು.

ಹಾಗಾದರೆ ಮೀಟರ್ ನೋಡುವುದು ಹೇಗೆ? ಬಹಳಷ್ಟು ಮನೆಗಳಲ್ಲಿ ಅದು ಮೆಟ್ಟಿಲ ಕೆಳಗೋ, ಗೇಟಿನ ಪಕ್ಕದ ಪೆಟ್ಟಿಗೆಯಲ್ಲೋ ಇರುತ್ತದೆ. ಪರದೆಯ ಮೇಲೆ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತವೆ. ದಿನಾಂಕ, ವೋಲ್ಟೇಜ್ ಎಲ್ಲ ಬಂದು ಹೋಗುತ್ತವೆ, ಪಕ್ಕದಲ್ಲಿ ಕೆಡಬ್ಲ್ಯುಎಚ್ (kWh) ಎಂದು ಬರುವ ಅಂಕಿ ಮಾತ್ರ ನಿಮಗೆ ಬೇಕಾದದ್ದು, ಯೂನಿಟ್ ಎಂದರೆ ಅದೇ. ಬಿಲ್ ಬಂದ ದಿನದಿಂದ ಎಣಿಸಿ ಹತ್ತನೇ ದಿನ ಮತ್ತು ಇಪ್ಪತ್ತನೇ ದಿನ ಅದನ್ನು ಕ್ಯಾಲೆಂಡರಿನ ಚೌಕದೊಳಗೆ ಬರೆದರೆ ಸಾಕು. ಹಾಲಿನ ಲೆಕ್ಕವನ್ನೂ ಗ್ಯಾಸ್ ಸಿಲಿಂಡರ್ ಹಾಕಿದ ದಿನವನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆಯುವ ಮನೆಗಳಿಗೆ ಇದು ಹೊಸ ಕೆಲಸವೇನಲ್ಲ. ಫೋನಿನಲ್ಲಿ ಫೋಟೊ ತೆಗೆದಿಟ್ಟರೂ ಆದೀತು, ಆದರೆ ಗೋಡೆಯ ಮೇಲಿನ ಅಂಕಿಯನ್ನು ಮನೆಯವರೆಲ್ಲರೂ ನೋಡುತ್ತಾರೆ ಎಂಬ ಕಾರಣಕ್ಕೆ ನಾನು ಕ್ಯಾಲೆಂಡರನ್ನೇ ಮೆಚ್ಚುತ್ತೇನೆ.

ಮೀಟರಿನ ಮೇಲೆ ಮಿಣುಕುವ ಸಣ್ಣ ಕೆಂಪು ದೀಪವೂ ಬಹಳ ಉಪಯುಕ್ತ. ಅದರ ಬಳಿ ಯೂನಿಟ್‌ಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. ನಮ್ಮ ಮನೆಯ ಮೀಟರಿನಲ್ಲಿ ಅದು 3200. ಎಂದರೆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾಗಿದೆ ಎಂದು ಲೆಕ್ಕ. ಮನೆಯಲ್ಲಿ ಎಲ್ಲವನ್ನೂ ಆರಿಸಿ, ಸಾವಿರ ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆಯೊಂದನ್ನೇ ಹಚ್ಚಿದರೆ ನಿಮಿಷಕ್ಕೆ ಸುಮಾರು ಐವತ್ತಮೂರು ಸಲ ಮಿಣುಕಬೇಕು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಿ. ಮೀಟರ್ ಸರಿಯಿದೆಯೇ ಎಂಬ ಮೊದಲ ಅಂದಾಜು ನಿಮಗೇ ಸಿಗುತ್ತದೆ. ಫ್ರಿಜ್, ವೈಫೈ ಪೆಟ್ಟಿಗೆಯೂ ಸೇರಿದಂತೆ ಪ್ಲಗ್‌ಗಳನ್ನೆಲ್ಲ ಕಿತ್ತು, ಮೇನ್ ಸ್ವಿಚ್ ಮಾತ್ರ ಹಾಕಿಟ್ಟಾಗಲೂ ದೀಪ ಬಿಡದೆ ಮಿಣುಕುತ್ತಿದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು, ಇಲ್ಲವೇ ಪಕ್ಕದ ಮನೆಯ ಲೈನೋ ಕಟ್ಟಡದ ಮೆಟ್ಟಿಲ ದೀಪವೋ ನಿಮ್ಮ ಮೀಟರಿಗೆ ಸೇರಿಕೊಂಡಿರಬಹುದು. ಕೂಡಲೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಇದು ಹಣದ ವಿಷಯವಷ್ಟೇ ಅಲ್ಲ, ಶಾಕ್ ಹೊಡೆಯುವ ಅಪಾಯವೂ ಅಲ್ಲಿದೆ.

ಯಾವ ಸಾಮಾನು ಎಷ್ಟು ತಿನ್ನುತ್ತದೆ ಎಂಬ ಅಂದಾಜಿದ್ದರೆ ಏರಿಕೆಯ ಕಾರಣ ಬೇಗ ಸಿಗುತ್ತದೆ. ಎರಡು ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಒಂದು ಎಚ್‌ಪಿ ಮೋಟಾರ್ ಒಂದು ಗಂಟೆ ಓಡಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಅದರ ಅರ್ಧವನ್ನೂ ಎಳೆಯುವುದಿಲ್ಲ. ಟಿವಿ, ಮೊಬೈಲ್ ಚಾರ್ಜರ್‌ಗಳ ಬಗ್ಗೆ ಮಕ್ಕಳನ್ನು ಗದರುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿನ ಮನೆಗಳಲ್ಲಿ ಗೀಸರ್ ಮತ್ತು ಮೋಟಾರ್, ಈ ಎರಡನ್ನು ಹಿಡಿತದಲ್ಲಿಟ್ಟರೆ ಮುಕ್ಕಾಲು ಕೆಲಸ ಮುಗಿದಂತೆ.

ಬಿಲ್ಲಿನಲ್ಲಿ ಇನ್ನೊಂದು ಅಂಕಿಯನ್ನೂ ನೋಡಿ, ಅದು ಮಂಜೂರಾದ ಲೋಡ್, ಎಂದರೆ ನಿಮ್ಮ ಮನೆ ಒಮ್ಮೆಲೇ ಎಷ್ಟು ಕರೆಂಟ್ ಎಳೆಯಬಹುದು ಎಂದು ಒಪ್ಪಿಗೆಯಾದ ಮಿತಿ. ನಿಗದಿತ ಶುಲ್ಕ ಬೀಳುವುದು ಇದರ ಮೇಲೆ, ನೀವು ಬಳಸಿದರೂ ಬಳಸದಿದ್ದರೂ. ಮನೆ ಕಟ್ಟುವಾಗ ಮುಂದೆ ಬೇಕಾದೀತೆಂದು ಐದು ಕಿಲೋವ್ಯಾಟ್ ಬರೆಸಿ, ಮಕ್ಕಳು ದೂರ ಹೋದ ಮೇಲೆ ಇಬ್ಬರೇ ಉಳಿದಿರುವ ಮನೆಗಳು ಜಯನಗರ, ಬಸವನಗುಡಿ, ಮಲ್ಲೇಶ್ವರದ ಕಡೆ ಎಷ್ಟೋ ಇವೆ. ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆ ಎಂದು ಒಂದು ಸಾಲು ಇರುತ್ತದೆ. ಬೇಸಿಗೆ ಮತ್ತು ಚಳಿಗಾಲ ಎರಡರಲ್ಲೂ ಅದು ಎರಡು ಕಿಲೋವ್ಯಾಟ್ ದಾಟದಿದ್ದರೆ, ಎಲೆಕ್ಟ್ರಿಷಿಯನ್‌ರೊಂದಿಗೆ ಮಾತಾಡಿ ಲೋಡ್ ಇಳಿಸಲು ಉಪವಿಭಾಗದಲ್ಲಿ ಅರ್ಜಿ ಕೊಡಿ. ಒಂದು ಕಿಲೋವ್ಯಾಟ್ ಇಳಿದರೆ ಮೇಲೆ ಹೇಳಿದ ದರದಲ್ಲಿ ವರ್ಷಕ್ಕೆ 1,740 ರೂಪಾಯಿ ಉಳಿಯುತ್ತದೆ. ಎಸಿ ಹಾಕಿಸುವ ಯೋಚನೆ ಇರುವವರು ಮಾತ್ರ ಇದಕ್ಕೆ ಕೈಹಾಕಬಾರದು.

ಇನ್ನು ಪಾವತಿಯ ವಿಚಾರ. ಓಡಾಡಲು ಶಕ್ತಿಯಿರುವ ಹಿರಿಯರು ಬೆಂಗಳೂರು ಒನ್‌ಗೆ ಹೋಗಿ ನಗದು ಕೊಟ್ಟು ರಸೀದಿ ಪಡೆಯುವುದನ್ನು ಹಳೆಯ ಕಾಲದ ಪದ್ಧತಿ ಎಂದು ಯಾರೂ ಹೀಗಳೆಯಬಾರದು. ಕೈಯಲ್ಲಿ ಬಿಲ್ ಹಿಡಿದು ಹೋಗುವವರು ಅದನ್ನು ಓದಿಯೇ ಇರುತ್ತಾರೆ. ಮನೆಯಲ್ಲಿ ಕೂತೇ ಕಟ್ಟುವವರಿಗೆ ಬೆಸ್ಕಾಂ ಮಿತ್ರ ಆ್ಯಪ್ ಅಥವಾ ಯುಪಿಐ ಆ್ಯಪ್ ಒಳ್ಳೆಯದು. ಅದರಲ್ಲಿ ಬಿಲ್ ಮೇಲಿರುವ ಅಕೌಂಟ್ ಐಡಿಯನ್ನು ಹಾಕಿ, ತೆರೆಯ ಮೇಲೆ ಬರುವ ಹೆಸರು ಮತ್ತು ಮೊತ್ತ ನಿಮ್ಮ ಬಿಲ್ಲಿಗೆ ತಾಳೆಯಾಗುತ್ತದೆಯೇ ಎಂದು ನೋಡಿಯೇ ಮುಂದುವರಿಯಿರಿ. ಒಂದೇ ಕಟ್ಟಡದಲ್ಲಿ ನಾಲ್ಕಾರು ಮೀಟರ್‌ಗಳಿರುವಾಗ ಪಕ್ಕದ ಮನೆಯ ಬಿಲ್ ಕಟ್ಟಿ, ತಮ್ಮದು ಬಾಕಿ ಉಳಿದು ಪರದಾಡಿದವರಿದ್ದಾರೆ. ಮೀಟರ್ ಓದುವವರು ಕೊಟ್ಟು ಹೋಗುವ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಬಂದ ದಿನವೇ ಫೋಟೊ ತೆಗೆದಿಡಿ.

ಆಟೋಪೇ ಬಗ್ಗೆ ನನಗೆ ಭಯವಿಲ್ಲ, ಎಚ್ಚರಿಕೆಯಿದೆ. ಮಕ್ಕಳು ಹೊರದೇಶದಲ್ಲಿದ್ದು ತಂದೆತಾಯಿಯ ಬಿಲ್ ಕಟ್ಟುವವರಿಗೆ, ತಿಂಗಳುಗಟ್ಟಲೆ ಊರಿಗೆ ಹೋಗುವವರಿಗೆ ಅದು ನಿಜಕ್ಕೂ ಅನುಕೂಲ. ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೆಯೇ ಮಗ ಹೊರಗಿನಿಂದ ಆಟೋಪೇ ಮಾಡಿಸಿದ್ದ. ಮೇಲಿನ ಟ್ಯಾಂಕಿನ ಪೈಪ್ ಸೋರುತ್ತಿತ್ತು; ನೀರು ಇಳಿದಂತೆಲ್ಲ ತಾನಾಗಿಯೇ ಶುರುವಾಗುವ ಮೋಟಾರ್ ರಾತ್ರಿಯಿಡೀ ಓಡುತ್ತಿತ್ತು. ಬಿಲ್ ಏರುತ್ತ ಹೋದದ್ದು ಇಲ್ಲಿದ್ದ ಅಮ್ಮನಿಗೂ ತಿಳಿಯಲಿಲ್ಲ, ಅಲ್ಲಿದ್ದ ಮಗನಿಗೂ ತಿಳಿಯಲಿಲ್ಲ. ಟ್ಯಾಂಕರ್ ನೀರು ಬೇಗ ಖಾಲಿಯಾಗುತ್ತಿದೆ ಎಂದು ಆಕೆ ದೂರಿದಾಗಲೇ ವಿಷಯ ಹೊರಬಿದ್ದದ್ದು. ಇಂತಹದಕ್ಕೆ ಸುಲಭದ ಉಪಾಯವಿದೆ. ಆಟೋಪೇಗೆ ಒಪ್ಪಿಗೆ ಕೊಡುವಾಗ ಗರಿಷ್ಠ ಮೊತ್ತ ನಮೂದಿಸಲು ಅವಕಾಶವಿರುತ್ತದೆ. ಸಾಮಾನ್ಯವಾಗಿ 1,200 ರೂಪಾಯಿ ಬಿಲ್ ಬರುವ ಮನೆಯಾದರೆ 1,500 ಎಂದು ಹಾಕಿ, 5,000 ಎಂದು ಹಾಕಬೇಡಿ. ಬಿಲ್ ಮಿತಿ ಮೀರಿದ ತಿಂಗಳು ಪಾವತಿ ನಿಲ್ಲುತ್ತದೆ, ಆಗ ನೀವು ಬಿಲ್ ತೆರೆದು ನೋಡಲೇಬೇಕಾಗುತ್ತದೆ. ಕಾರಣ ತಿಳಿದ ಮೇಲೆ ಕೊನೆಯ ದಿನಾಂಕದೊಳಗೆ ಕೈಯಾರೆ ಕಟ್ಟಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಆ ಸಂದೇಶ ಬರುವ ಫೋನ್ ನಂಬರ್ ಮನೆಯಲ್ಲಿ ಯಾರು ನೋಡುತ್ತಾರೋ ಅವರದೇ ಆಗಿರಲಿ.

ಸಂದೇಶದ ಮಾತು ಬಂದಾಗ ಒಂದನ್ನು ಕಟ್ಟುನಿಟ್ಟಾಗಿ ಹೇಳಬೇಕು. ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಫೋನ್ ಮಾಡಿ ಎಂದು ಬರುವ ಸಂದೇಶ ಮೋಸದ್ದು. ಅದರಲ್ಲಿರುವ ನಂಬರಿಗೆ ಕರೆ ಮಾಡಬೇಡಿ, ಅವರು ಕಳಿಸುವ ಆ್ಯಪ್ ಇಳಿಸಿಕೊಳ್ಳಬೇಡಿ, ಓಟಿಪಿ ಹೇಳಬೇಡಿ. ಅನುಮಾನವಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ನೀವೇ ಕರೆ ಮಾಡಿ ಬಾಕಿ ಇದೆಯೇ ಎಂದು ಕೇಳಿ. ಮನೆಯ ಹಿರಿಯರಿಗೆ ಇದನ್ನು ಒಂದು ಸಲ ಹೇಳಿದರೆ ಸಾಲದು, ಆಗಾಗ ನೆನಪಿಸುತ್ತಿರಿ.

ಗ್ಯಾಸಿನ ಲೆಕ್ಕವೂ ಇದೇ ಕ್ಯಾಲೆಂಡರಿನಲ್ಲಿ ಇರಲಿ. ಸಿಲಿಂಡರ್ ತಂದವರ ಎದುರಿಗೇ ತೂಕ ಹಾಕಿಸಿ. ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕಿಲೋ ಸೇರಿಸಿದರೆ ಬರಬೇಕಾದ ತೂಕ ಸಿಗುತ್ತದೆ. ಹಾಕಿದ ದಿನ, ಮುಗಿದ ದಿನ ಬರೆದಿಟ್ಟರೆ ಮುಂದಿನದನ್ನು ಯಾವಾಗ ಬುಕ್ ಮಾಡಬೇಕೆಂಬುದು ತಿಳಿಯುತ್ತದೆ. ಪೈಪ್ ಗ್ಯಾಸ್ ಇರುವವರು ಘನ ಮೀಟರಿನ ಲೆಕ್ಕ ತೋರಿಸುವ ಮೀಟರನ್ನು ಕರೆಂಟ್ ಮೀಟರ್ ನೋಡುವ ದಿನವೇ ನೋಡಿಬಿಡಿ.

ಬಾಡಿಗೆ ಮನೆಯವರು ಮನೆಗೆ ಕಾಲಿಡುವ ದಿನ ಮತ್ತು ಬೀಗದ ಕೈ ಒಪ್ಪಿಸುವ ದಿನ ಮೀಟರಿನ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಒಪ್ಪಂದಕ್ಕೆ ಮೊದಲೇ ಆರ್‌ಆರ್ ನಂಬರ್, ಎಂದರೆ ಆ ಮನೆಯ ಕರೆಂಟ್ ಸಂಪರ್ಕದ ಸಂಖ್ಯೆ, ಪಡೆದು ಹಿಂದಿನವರ ಬಾಕಿ ಏನಾದರೂ ಇದೆಯೇ ಎಂದು ಪರೀಕ್ಷಿಸಿ, ಏಕೆಂದರೆ ಬಾಕಿಗಾಗಿ ಕಟ್ ಮಾಡುವಾಗ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ನೋಡುವುದಿಲ್ಲ. ಮನೆ ಬದಲಾಯಿಸಿದಾಗ ಹಳೆಯ ಸಂಪರ್ಕದಿಂದ ನಿಮ್ಮ ಗೃಹಜ್ಯೋತಿ ಜೋಡಣೆಯನ್ನು ಬಿಡಿಸಿಕೊಳ್ಳುವ ವ್ಯವಸ್ಥೆ 2024ರಿಂದ ಇದೆ; ಅದನ್ನು ಮಾಡಿಸಿದ ಮೇಲೆ ಹೊಸ ಮನೆಗೆ ಅರ್ಜಿ ಹಾಕಿ.

ಇಷ್ಟೆಲ್ಲ ನೋಡಿದ ಮೇಲೂ ಬಿಲ್ ತಪ್ಪಾಗಿದೆ ಎಂದು ಕಂಡರೆ ಮೊದಲು ಬಿಲ್ಲಿನ ರೀಡಿಂಗನ್ನು ಮೀಟರಿನೊಂದಿಗೆ ಹೋಲಿಸಿ. ಮನೆಗೆ ಬೀಗ ಹಾಕಿದ್ದಾಗ ಡೋರ್ ಲಾಕ್ ಎಂದು ಬರೆದು ಸರಾಸರಿ ಬಿಲ್ ಕೊಟ್ಟಿರಬಹುದು; ಹಾಗಿದ್ದರೆ ಮುಂದಿನ ನಿಜವಾದ ರೀಡಿಂಗ್‌ನಲ್ಲಿ ಅದು ಸರಿಹೋಗುತ್ತದೆ. ಹಾಗಿಲ್ಲದಿದ್ದರೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ, ಅದರ ಜೊತೆಗೆ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿಯನ್ನೂ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಮೀಟರಿನ ಮೇಲೆಯೇ ಸಂಶಯವಿದ್ದರೆ ಶುಲ್ಕ ಕಟ್ಟಿ ಅದನ್ನು ಪರೀಕ್ಷೆ ಮಾಡಿಸಲು ಕೇಳಬಹುದು. ಅಲ್ಲಿಯೂ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಲ್ಲಿಗೆ ಹೋಗುವಾಗ ಕ್ಯಾಲೆಂಡರಿನ ಆ ಹಾಳೆಗಳು, ಮೀಟರಿನ ಫೋಟೊಗಳು, ಮೊಹರು ಬಿದ್ದ ಅರ್ಜಿ, ಇವನ್ನೆಲ್ಲ ಒಂದೇ ಫೈಲಿನಲ್ಲಿ ತಾರೀಖಿನ ಕ್ರಮದಲ್ಲಿ ಇಟ್ಟುಕೊಂಡು ಹೋಗಿ.