‘ಹ’ ಅಕ್ಷರಕ್ಕೆ ಹೆದರುತ್ತಿದ್ದೆ

ಬಿ.ಎ. ಮೊದಲ ವರ್ಷದ ಅರ್ಥಶಾಸ್ತ್ರ ಸೆಮಿನಾರ್. ನನಗೆ ಬಂದ ವಿಷಯ ಹಣದುಬ್ಬರ. ಎರಡು ಹಾಳೆ ಬರೆದುಕೊಂಡು ಮೂರು ದಿನ ಹಾಸ್ಟೆಲ್ ಟೆರೇಸ್ ಮೇಲೆ ಓಡಾಡುತ್ತಾ ಬಾಯಿಪಾಠ ಮಾಡಿದ್ದೆ. ಎದ್ದು ನಿಂತು, "ಅಣದುಬ್ಬರ ಎಂದರೆ..." ಅಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಇನ್ನೊಬ್ಬರು ಮೆಲ್ಲಗೆ "ಅಣ, ಅಣ" ಅಂದರು. ಅಷ್ಟೇ. ಮುಂದಿನ ಸಾಲು ಮರೆತುಹೋಯಿತು. ಗಂಟಲು ಒಣಗಿತು. ಕೈಯಲ್ಲಿದ್ದ ಹಾಳೆ ಎಲ್ಲರಿಗೂ ಕಾಣುವಷ್ಟು ನಡುಗುತ್ತಿತ್ತು. ಐದು ನಿಮಿಷ ಮಾತಾಡಬೇಕಿದ್ದವಳು ಅರ್ಧ ನಿಮಿಷಕ್ಕೆ ಕೂತುಬಿಟ್ಟೆ.

ನಮ್ಮೂರು ಚಳ್ಳಕೆರೆ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ನಾವು ‘ಅಳ್ಳಿ’ ಅಂತಲೇ ಅನ್ನುವುದು. ಹಾಲು ‘ಆಲು’, ಹನ್ನೊಂದು ‘ಅನ್ನೊಂದು’. ಅದು ತಪ್ಪು ಅಂತ ಊರಲ್ಲಿ ಯಾರೂ ಹೇಳಿರಲಿಲ್ಲ. ಚಿತ್ರದುರ್ಗದ ಕಾಲೇಜಿಗೆ ಬಂದ ಮೇಲೆ ನಾನು ಮಾತನ್ನೇ ಕಡಿಮೆ ಮಾಡಿದೆ. ‘ಹ’ ಬರುವ ಪದ ತಪ್ಪಿಸಿ ಮಾತಾಡುತ್ತಿದ್ದೆ. ‘ಹೌದು’ ಅನ್ನುವ ಬದಲು ತಲೆ ಆಡಿಸುತ್ತಿದ್ದೆ. ಸೆಮಿನಾರಿನಲ್ಲಿ ಮೊದಲ ಪದವೇ ‘ಹ’ದಿಂದ ಶುರುವಾಗಿತ್ತು, ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ನನ್ನದು ಸಭೆಯ ಭಯ ಅಂತ ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಊರಲ್ಲಿ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಲೆಕ್ಕ ಓದುತ್ತಿದ್ದವಳು ನಾನೇ. ಅಲ್ಲಿ ನಡುಕ ಬರುತ್ತಿರಲಿಲ್ಲ. ಅಂದರೆ ಜನರ ಭಯ ಅಲ್ಲ, ನಗುತ್ತಾರೆ ಅನ್ನುವ ಭಯ. ಇದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಭಯ ಯಾವುದರದು ಅಂತ ಸರಿಯಾಗಿ ಗೊತ್ತಾಗದೆ ಮಾಡಿದ ಅಭ್ಯಾಸವೆಲ್ಲ ನನ್ನ ಪಾಲಿಗೆ ವ್ಯರ್ಥವಾಯಿತು.

ಒಂದು ಭಾನುವಾರ ರೂಮ್‌ಮೇಟ್ ಜೊತೆ ಕೋಟೆಗೆ ಹೋಗಿದ್ದೆ. ಓಬವ್ವನ ಕಿಂಡಿ ಹತ್ತಿರ ಒಬ್ಬ ಗೈಡ್ ಇಪ್ಪತ್ತು ಜನರನ್ನು ಕರೆದುಕೊಂಡು ಬಂದರು. ಮೈಕ್ ಇಲ್ಲ. ಬಂದ ತಕ್ಷಣ ಮಾತು ಶುರು ಮಾಡಲಿಲ್ಲ. ಕೊನೆಯ ಅಜ್ಜಿ ಮೆಟ್ಟಿಲು ಹತ್ತಿ ಬರುವವರೆಗೆ ಸುಮ್ನೆ ನಿಂತಿದ್ದರು. ಆಮೇಲೆ, "ಯಾರಾದ್ರೂ ಒಬ್ರು ಇದ್ರಾಗೆ ನುಸುಳಿ ಬರ್ರಿ" ಅಂದರು. ಒಬ್ಬ ಹುಡುಗ ಹೋದ. ಮೊದಲು ತಲೆ ಕಾಣಿಸಿತು, ಆಮೇಲೆ ಭುಜ. "ನೋಡಿದ್ರಾ? ಒಂದು ಸಲಕ್ಕೆ ಒಬ್ಬನೇ, ಅದೂ ತಲೆ ಬಗ್ಗಿಸಿಕೊಂಡು" ಅಂದರು. ಕಥೆ ಶುರುವಾದದ್ದು ಅಲ್ಲಿಂದ. ಕಾವಲಿನ ಗಂಡ ಊಟಕ್ಕೆ ಬಂದದ್ದು, ಓಬವ್ವ ನೀರಿಗೆ ಅಂತ ಹೋದದ್ದು, ಸದ್ದು ಕೇಳಿ ಒನಕೆ ಹಿಡಿದು ನಿಂತದ್ದು.

ಅವರು ಹೇಳಿದ್ದು ‘ಐದ್ರಾಲಿ’ ಅಂತ. ಹೈದರಾಲಿ ಅಲ್ಲ. ಒಬ್ಬರೂ ನಗಲಿಲ್ಲ. ಎಲ್ಲರ ಕಣ್ಣೂ ಕಿಂಡಿಯ ಮೇಲಿತ್ತು.

ಗುಂಪು ಮುಂದೆ ಹೋಗುವಾಗ ಅವರನ್ನೇ ಕೇಳಿದೆ. "ಅಣ್ಣಾ, ಇಷ್ಟು ಜನರ ಮುಂದೆ ನಿಮಗೆ ಭಯ ಆಗಲ್ವಾ?"

"ಮೊದಮೊದ್ಲು ಆಗ್ತಿತ್ತವ್ವಾ. ಅವ್ರು ನನ್ನ ನೋಡಾಕೆ ಬಂದಿಲ್ಲ, ಕೋಟೆ ನೋಡಾಕೆ ಬಂದಾರೆ. ನಾನು ಕೈ ತೋರಿಸ್ತೀನಿ ಅಷ್ಟೆ."

ಆ ಮಾತು ಹಿಡಿದುಕೊಂಡು ಕೆಲಸ ಶುರು ಮಾಡಿದೆ. ಬಾಯಿಪಾಠ ಬಿಟ್ಟೆ. ಒಂದು ಸಾಲು ಮರೆತರೆ ಅದರ ಹಿಂದಿನದೆಲ್ಲ ಉದುರಿಹೋಗುತ್ತದೆ, ಅದನ್ನು ಅನುಭವಿಸಿದ್ದೆನಲ್ಲ. ಮೊದಲ ಸಾಲು, ಕೊನೆಯ ಸಾಲು ಇವೆರಡು ಮಾತ್ರ ಗಟ್ಟಿ ಮಾಡಿಕೊಂಡೆ. ನಡುವಿನದಕ್ಕೆ ನಾಲ್ಕು ಪದ. ಅವನ್ನು ಮದುವೆ ಕಾರ್ಡಿನ ಹಿಂಬದಿ ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ದಪ್ಪ ಕಾರ್ಡ್ ಆದರೆ ಕೈ ನಡುಗಿದರೂ ಗೊತ್ತಾಗಲ್ಲ.

ಅಭ್ಯಾಸಕ್ಕೆ ಚಂದ್ರವಳ್ಳಿಗೆ ಹೋಗುತ್ತಿದ್ದೆವು. ಕದಂಬರ ಮಯೂರಶರ್ಮ ಅಲ್ಲಿನ ಕೆರೆಯ ಬಗ್ಗೆ ಬಂಡೆಯ ಮೇಲೆ ಶಾಸನ ಬರೆಸಿದ ಜಾಗ ಅದು. ನಾನು ಕೆರೆಯ ಈ ಕಡೆ, ರೂಮ್‌ಮೇಟ್ ಇಪ್ಪತ್ತು ಹೆಜ್ಜೆ ದೂರ. "ಕೇಳಿಸ್ತಿಲ್ಲ ಕಣೇ" ಅಂತ ಅವಳು ಕೂಗಿದರೆ ಮತ್ತೆ ಮೊದಲಿಂದ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ನನ್ನ ದನಿ ಮೊದಲ ಸಲ ಕೇಳಿದಾಗ ಅಳು ಬಂತು. ನಾಲ್ಕು ನಿಮಿಷದಲ್ಲಿ ‘ಅಂದ್ರೆ’ ಅನ್ನುವುದು ಹತ್ತೊಂಬತ್ತು ಸಲ ಬಂದಿತ್ತು. ಅದರ ಜಾಗದಲ್ಲಿ ಗೈಡ್ ಅಣ್ಣನ ಹಾಗೆ ಸುಮ್ನೆ ನಿಲ್ಲುವುದನ್ನು ಕಲಿತೆ. ಎರಡು ಸೆಕೆಂಡ್ ಮೌನ ನಮಗೆ ಒಂದು ಯುಗ ಅನ್ನಿಸುತ್ತದೆ, ಕೇಳುವವರಿಗೆ ಗೊತ್ತೂ ಆಗಲ್ಲ.

‘ಹ’ ಅಕ್ಷರವನ್ನೂ ಅಭ್ಯಾಸ ಮಾಡಿದೆ. ಅಂಗೈ ಬಾಯಿಯ ಮುಂದೆ ಹಿಡಿದು ‘ಹಣ’ ಅಂದರೆ ಅಂಗೈಗೆ ಬಿಸಿ ಗಾಳಿ ತಾಗುತ್ತದೆ, ‘ಅಣ’ ಅಂದರೆ ತಾಗುವುದಿಲ್ಲ. ಪರೀಕ್ಷೆ ಅಷ್ಟು ಸುಲಭ. ಆದರೆ ಒಂದು ಮಾತು ಒತ್ತಿ ಹೇಳುತ್ತೇನೆ. ಇದನ್ನು ಕಲಿತದ್ದು ವೇದಿಕೆಗೆ ಬೇಕು ಅಂತ. ನಮ್ಮ ಅವ್ವನ ಮಾತು ಕೀಳು ಅಂತ ಅಲ್ಲ. ಊರಿಗೆ ಹೋದರೆ ಇವತ್ತಿಗೂ ನನಗೆ ಹಾಲು ‘ಆಲೇ’.

ಎದೆ ಹೊಡೆದುಕೊಳ್ಳುವುದು ನಿಂತಿಲ್ಲ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಜಾಸ್ತಿಯಾಗುತ್ತದೆ, ಓಡಲು ಮೈ ತಯಾರಾಗುತ್ತದೆ, ಬಾಯಿ ಒಣಗುತ್ತದೆ. ಅದು ಮೈಯ ಗುಣ. ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ನಿಧಾನಕ್ಕೆ ಬಿಡುತ್ತೇನೆ. ಹೀಗೆ ಐದಾರು ಸಲ ಮಾಡಿದರೆ ದನಿ ಹಿಡಿತಕ್ಕೆ ಬರುತ್ತದೆ. ಎರಡು ಗುಟುಕು ನೀರು ಕುಡಿಯುತ್ತೇನೆ. ಸಭೆ ಸೇರುವ ಮುಂಚೆ ಹೋಗಿ ಖಾಲಿ ವೇದಿಕೆಯ ಮೇಲೆ ನಿಂತು ಬರುತ್ತೇನೆ.

2021ರಿಂದ ಸರ್ಕಾರ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ ಆಚರಿಸುತ್ತಿದೆ. ಎರಡನೇ ವರ್ಷದಲ್ಲಿ ಆ ದಿನ ಮಾತಾಡಲು ನಾನೇ ಹೆಸರು ಕೊಟ್ಟೆ. ನಾಲ್ಕು ನಿಮಿಷ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇಟ್ಟುಕೊಂಡು, ಸದ್ದು ಅಡಗುವವರೆಗೆ ಕಾದೆ. "ಓಬವ್ವನ ಕಿಂಡಿಯಲ್ಲಿ ನುಸುಳಿ ಬಂದವರು ಯಾರ್ಯಾರು, ಕೈ ಎತ್ತಿ" ಅಂದೆ. ಮುಕ್ಕಾಲು ಪಾಲು ಕೈಗಳು ಮೇಲೆ ಬಂದವು. "ಆಗ ನಿಮ್ಮ ಕುತ್ತಿಗೆ ಎಲ್ಲಿತ್ತು, ನೆನಪು ಮಾಡಿಕೊಳ್ಳಿ" ಅಂದೆ. ಸಭೆ ಗಪ್‌ಚಿಪ್. ಮಾತಿನ ಬಿಸಿಯಲ್ಲಿ ಒಂದು ಸಲ ‘ಐದರಾಲಿ’ ಅಂದುಬಿಟ್ಟೆ. ನನ್ನ ಕಿವಿಗೇ ಬಿತ್ತು. ಯಾರೂ ನಗಲಿಲ್ಲ. ಅವರು ಕಿಂಡಿಯ ಹತ್ತಿರ ಇದ್ದರು.

ಮಾರನೇ ವಾರ ಅರ್ಥಶಾಸ್ತ್ರದ ಮೇಡಂ ಹತ್ತಿರ ಹೋಗಿ ಹಳೆಯ ಸೆಮಿನಾರ್ ಮತ್ತೊಮ್ಮೆ ಮಾಡುತ್ತೇನೆ ಅಂದೆ. ಅಂಕಕ್ಕಲ್ಲ, ನನಗೋಸ್ಕರ. ಅವರು ಒಪ್ಪಿದರು. ಈ ಸಲ ವ್ಯಾಖ್ಯೆಯಿಂದ ಶುರು ಮಾಡಲಿಲ್ಲ. ಒಂದು ಹಿಡಿ ಶೇಂಗಾ ಮೇಜಿನ ಮೇಲೆ ಇಟ್ಟೆ. ಚಳ್ಳಕೆರೆ ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು, ಅಲ್ಲಿ ಶೇಂಗಾ ಬೆಳೆಯುವ ನಮ್ಮವ್ವ ಅಂಗಡಿಯಲ್ಲಿ ಎಣ್ಣೆಯ ರೇಟ್ ಕೇಳಿ ಪಾಕೆಟ್ ಕೆಳಗಿಡುತ್ತಾಳೆ ಅಂದೆ. ಅಲ್ಲಿಂದ ಹಣದುಬ್ಬರಕ್ಕೆ ಬಂದೆ. ರಿಸರ್ವ್ ಬ್ಯಾಂಕ್ ಅದನ್ನು ಶೇಕಡಾ 4ರ ಆಸುಪಾಸಿನಲ್ಲಿ, ಹೆಚ್ಚೆಂದರೆ ಎರಡು ಆಚೆ ಈಚೆ, ಇಡಲು ನೋಡುತ್ತದೆ ಅನ್ನುವುದಕ್ಕೂ ಬಂದೆ.

ಮುಗಿಸಿ ಕೂರುವಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಶೇಂಗಾ ನಾವೇ ಬೆಳೀತೀವಿ, ಮತ್ತೆ ಎಣ್ಣೆ ಯಾಕೆ ದುಬಾರಿ?" ಅಂತ ಕೇಳಿದ. ನನ್ನ ಕಾರ್ಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ ಅಂತ ಶುರು ಮಾಡಿದೆ. 2022ರಲ್ಲಿ ಉಕ್ರೇನ್ ಯುದ್ಧವಾದಾಗ ಸೂರ್ಯಕಾಂತಿ ಎಣ್ಣೆ ಏರಿದ್ದು ಹೇಳಿದೆ. ಮಳೆ ಕೈಕೊಟ್ಟ ವರ್ಷ ನಮ್ಮ ಹೊಲದಲ್ಲಿ ಕಾಯಿ ಜೊಳ್ಳಾದದ್ದು ಹೇಳಿದೆ. ಅವನು ಮತ್ತೆ ಕೇಳಿದ, ನಾನು ಮತ್ತೆ ಹೇಳಿದೆ. ಬೆಲ್ ಹೊಡೆದಾಗ ಕಾರ್ಡ್ ಮೇಜಿನ ಮೇಲೆ ಶೇಂಗಾದ ಪಕ್ಕದಲ್ಲೇ ಇತ್ತು.