ಮಳೆಗಾಲದಲ್ಲಿ ಬಿಗಿದ ಬಾಗಿಲು ಸರಿಹೋದದ್ದು ಹೀಗೆ

ಡೊಂಬಿವಲಿಯ ನಮ್ಮ ಮನೆಯಲ್ಲಿ ಜುಲೈ ಬಂತೆಂದರೆ ಮಲಗುವ ಕೋಣೆಯ ಬಾಗಿಲು ಬಿಗಿಯುತ್ತಿತ್ತು. ಮರ ತೇವ ಹೀರಿ ಉಬ್ಬುವುದು ಅಗಲಕ್ಕೆ, ಉದ್ದಕ್ಕೆ ತೀರಾ ಕಡಿಮೆ. ಹಾಗಾಗಿ ಚಿಲಕದ ಕಡೆಯ ಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ತೆಗೆದೆ. ಸುಣ್ಣ ಅಳಿಸಿದ ಜಾಗವೇ ತಾಗುತ್ತಿತ್ತು.

ಅಷ್ಟು ಜಾಗ ಹೆರೆಯೋಕೆ ಮಿಷನ್ ಬೇಡ. ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಿ ಮರ ತೆಳ್ಳಗೆ ಹೆರೆಯುವ ಸಣ್ಣ ಉಜ್ಜುಗೊರಡು ಕೊಂಡೆ. ಹೊಸದಾದರೂ ಅಲಗು ಮಸೆಯಲೇಬೇಕು. ಗಾಜಿನ ಮೇಲೆ 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಮರಳು ಕಾಗದ) ಹಾಸಿ, ಅಲಗಿನ ಓರೆ ಪೂರ್ತಿ ಕೂರುವಂತೆ ಹಿಡಿದು ತಿಕ್ಕಿದೆ. ಆಮೇಲೆ ಉಜ್ಜುಗೊರಡನ್ನು ಆ ಅಂಚಿನ ಮೇಲೆ ಮರದ ಎಳೆಯ ದಿಕ್ಕಿಗೇ ತಳ್ಳಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸುರುಳಿ ಬಂತು, ನೋಡೋಕೇ ಖುಷಿ!

ಜಾಸ್ತಿ ಕೆರೆಯಬಾರದು. ಚಳಿಗಾಲಕ್ಕೆ ಮರ ಮತ್ತೆ ಕುಗ್ಗುತ್ತದಲ್ವಾ? ಬಿಸಿಲು ಬಂದ ದಿನ ಆ ಅಂಚಿಗೆ ಎರಡು ಕೈ ವಾರ್ನಿಷ್ ಹೊಡೆದೆ. ಇಲ್ಲಾಂದ್ರೆ ಅಲ್ಲಿಂದಲೇ ತೇವ ನುಗ್ಗುತ್ತದೆ.